ಬಿಲ್ಲಿಲ್ಲದ ಮಾಲು!

ಮೊಬೈಲೆಂಬ ಸಂತೆಯಲ್ಲಿ ಅಂಗಡಿಗೊಂದು ಸರಕು. ಇನ್‌ಸ್ಟಾಗ್ರಾಂನಲ್ಲಿ ಕುಣಿತ, ಯೂಟ್ಯೂಬಿನಲ್ಲಿ ಅಡುಗೆ, ಭಾಷಣ, ಫೇಸ್‌ಬುಕ್ಕಿನಲ್ಲಿ ಮದುವೆ ಫೋಟೊ, ಜಗಳ. ಅಲ್ಲೆಲ್ಲ ಹಾಕಿದವನ ಹೆಸರಾದರೂ ಕಾಣುತ್ತೆ. ಅಸಲಿಯೋ ನಕಲಿಯೋ ಬೇರೆ ಮಾತು.

ವಾಟ್ಸಾಪಿನ ವ್ಯವಹಾರವೇ ಬೇರೆ. ಶುಭೋದಯ, ದೇವರ ಪಟ, ಮನೆಮದ್ದು, ಮಕ್ಕಳ ಕಳ್ಳರ ಸುದ್ದಿ, ಎಲ್ಲಾ ಒಂದೇ ಚೀಲದಲ್ಲಿ. ಕಳಿಸಿದವ ಭಾವಮೈದುನ, ತಯಾರಿಸಿದವ ಯಾರೋ, ಆ ದೇವರೇ ಬಲ್ಲ!

2018ರಲ್ಲಿ ಊರೂರು ಸುತ್ತಿದ ವಿಡಿಯೋದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಜನರ ಎಚ್ಚರಿಕೆಗೆಂದೇ ತೆಗೆದ ಚಿತ್ರ. ಮಗುವನ್ನು ವಾಪಸು ಬಿಟ್ಟು ಫಲಕ ತೋರಿಸುವ ಕೊನೇ ಭಾಗಕ್ಕೆ ಯಾರೋ ಪುಣ್ಯಾತ್ಮರು ಕತ್ತರಿ ಹಾಕಿದ್ದರು.

ಅದೇ ವರ್ಷ ಜುಲೈ 13. ಬೀದರ್ ಜಿಲ್ಲೆಗೆ ಕಾರಿನಲ್ಲಿ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ, ಗುಲ್ಲೆದ್ದಿತು. ಕಾರಿಗಿಂತ ಮುಂಚೆ ವಾಟ್ಸಾಪ್ ಸುದ್ದಿ ಮುರ್ಕಿ ಗ್ರಾಮ ಮುಟ್ಟಿತ್ತು. ಜನ ರಸ್ತೆ ಕಟ್ಟಿದರು. ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಏಟು ತಿಂದು ಸತ್ತ. ಜತೆಗಾರರಿಗೆ ಗಾಯ, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು. ಗ್ರೂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು.

ಆ ತಿಂಗಳೇ ಕಂಪನಿ ‘ಫಾರ್ವರ್ಡ್’ ಎಂಬ ಚೀಟಿ ಅಂಟಿಸಿತು, ಒಮ್ಮೆಗೆ ಐದೇ ಕಡೆ ಕಳಿಸಿ ಎಂದಿತು. 2020ರಲ್ಲಿ, ಬಹಳ ಸುತ್ತಿದ್ದಾದರೆ ಒಂದೇ ಕಡೆ ಎಂದಿತು. ಸರಿ, ಆದರೆ ಆ ಚೀಟಿಯಲ್ಲಿ ಸರಕು ಹೊರಟ ಊರಿಲ್ಲ, ಹೊರಡಿಸಿದವನ ಹೆಸರಿಲ್ಲ.

ಮೊದಲು ಕಳಿಸಿದವನ ಗುರುತು ಕೊಡಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಗ್ರಾಹಕರ ಗುಟ್ಟು ರಟ್ಟಾದೀತೆಂದು ಕಂಪನಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು.