ಬೋರ್ಡು ಹೊಸದು, ಕೌಂಟರಿನಲ್ಲಿ ಯಾರು?

ಗಂಗಾವತಿ, ಮರಳಿ ಸೀಮೆಯ ರೈತನಿಗೆ ತುಂಗಭದ್ರೆ ಎಂದರೆ ಎಡದಂಡೆ ಕಾಲುವೆ, ಕಾಲುವೆ ಎಂದರೆ ಭತ್ತ. ಒಂದು ಕಾಲಕ್ಕೆ ಅವನ ಪಾಸ್‌ಬುಕ್ಕಿನ ಮೇಲೂ ಅದೇ ಹೆಸರಿತ್ತು: ತುಂಗಭದ್ರಾ ಗ್ರಾಮೀಣ ಬ್ಯಾಂಕ್. ಕೆನರಾ ಬ್ಯಾಂಕಿನ ಆಸರೆಯಲ್ಲಿ 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಬ್ಯಾಂಕು ಅದು.

ಆಮೇಲೆ ಶುರುವಾಯಿತು ನೋಡಿ ನಾಮಕರಣದ ಸುಗ್ಗಿ! 2005ರಲ್ಲಿ ಪ್ರಗತಿ. 2013ರಲ್ಲಿ ಪ್ರಗತಿ ಕೃಷ್ಣಾ. 2019ರಲ್ಲಿ ಕಾವೇರಿ ಗ್ರಾಮೀಣವೂ ಸೇರಿ ಕರ್ನಾಟಕ ಗ್ರಾಮೀಣ. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು. ಈಗ ದೇಶದ 28 ಗ್ರಾಮೀಣ ಬ್ಯಾಂಕುಗಳಿಗೂ ಒಂದೇ ಲಾಂಛನವಂತೆ. ಹಳೇ ಶಾಖೆಯ ಅದೇ ಗೋಡೆ, ಅದೇ ಮೆಟ್ಟಿಲು, ಅದೇ ಸಾಲಗಾರ. ಹಣೆಬರಹ ಮಾತ್ರ ಮತ್ತೆ ಮತ್ತೆ ತಿದ್ದಿದ್ದಾಯಿತು!

ವಿಲೀನವೆಲ್ಲ ಅನ್ಯಾಯ ಎಂದು ನಾವು ಕೂಗುವುದಿಲ್ಲ. ನಾಲ್ವಡಿಯವರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಹೆಸರಿಲ್ಲದಂತಾಯಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಬಾಗಿಲ ಮೇಲೆ 2019ರಿಂದ ಬರೋಡಾ ಕೂತಿದೆ. ಅವಕ್ಕೆ ಹೋಲಿಸಿದರೆ ನಮ್ಮ ಗ್ರಾಮೀಣ ಬ್ಯಾಂಕಿನಲ್ಲಿ ಕರ್ನಾಟಕದ ಹೆಸರು ಉಳಿದಿದೆ, ಕೇಂದ್ರ ಕಚೇರಿಯೂ ಬಳ್ಳಾರಿಯಲ್ಲೇ ಇದೆ. ಸಂತೋಷ. ಆದರೆ ಬಣ್ಣ, ಲಾಂಛನ ನೋಡಿ ಮೈಮರೆಯಲು ನಾವೇನು ಜಾತ್ರೆಗೆ ಬಂದವರೇ?

ಕನ್ನಡ ಯುವಕರೇ, ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಾಮಫಲಕದಲ್ಲಿ ಮೊದಲು ರಾಜ್ಯದ ಭಾಷೆ, ನಂತರ ಹಿಂದಿ, ಕೊನೆಗೆ ಇಂಗ್ಲಿಷ್, ಅಕ್ಷರದ ಗಾತ್ರ ಸಮ. ಇದು ನಮ್ಮ ಸಂಘಟನೆಯ ಬೇಡಿಕೆಯಲ್ಲ, ಕೇಂದ್ರ ಸರ್ಕಾರದ್ದೇ ನಿಯಮ! ಖಾತೆ ತೆರೆಯುವ ಅರ್ಜಿ, ಹಣ ತುಂಬುವ ಚಲನ್, ಪಾಸ್‌ಬುಕ್ ಮೂರೂ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕನ್ನಡದ ಚಲನ್ ಕೇಳಿದವನನ್ನು ಗಲಾಟೆ ಮಾಡುವವನೆಂದು ನೋಡುವ ಅಧಿಕಾರಿಗೆ ಈ ನಿಯಮವನ್ನು ಓದಿ ಹೇಳಿ.

ಅದಕ್ಕಿಂತ ದೊಡ್ಡದು ಕೌಂಟರಿನ ಪ್ರಶ್ನೆ. ಬೆಳೆಸಾಲದ ನೋಟಿಸು ಕೈಯಲ್ಲಿ ಹಿಡಿದು ಬಂದ ಮುದುಕನಿಗೆ ಅದರಲ್ಲೇನಿದೆ ಎಂದು ಹೇಳುವವರು ಯಾರು? ಲಾಂಛನ ಹೇಳುತ್ತದೆಯೇ? ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಒಪ್ಪಿದ್ದು 2019ರ ಜುಲೈನಲ್ಲಿ. ಸುಮ್ಮನೆ ಒಪ್ಪಿದ್ದಲ್ಲ, ಕನ್ನಡದ ಹುಡುಗರು ಬೀದಿಯಲ್ಲಿ, ಸಂಸದರು ಸಂಸತ್ತಿನಲ್ಲಿ ಕೂಗಿದ ಮೇಲೆ. ಈಗ ಬೆಂಗಳೂರು, ಹುಬ್ಬಳ್ಳಿಯ ಪಿ.ಜಿ.ಗಳಲ್ಲಿ ಕೂತ ನೀವು ಆ ಪರೀಕ್ಷೆ ಬರೆಯದಿದ್ದರೆ ಕುರ್ಚಿ ಖಾಲಿ ಉಳಿಯುವುದಿಲ್ಲ. ಬೇರೆಯವರು ಬಂದು ಕೂರುತ್ತಾರೆ. ಆಮೇಲೆ ಧಿಕ್ಕಾರ ಕೂಗಿ ಏನು ಪ್ರಯೋಜನ?

ಬ್ಯಾಂಕಿನ ಆಡಳಿತಕ್ಕೂ ಒಂದು ಕೇಳಿಕೆ. ಹೊಸ ಬೋರ್ಡು ಹಾಕಿ, ಬೇಡವೆನ್ನುವುದಿಲ್ಲ. ತುಂಗಭದ್ರಾ, ಕೃಷ್ಣಾ, ಕಾವೇರಿ ಎಂಬ ಮೂರು ನದಿಗಳ ಹೆಸರು ಈ ಬೋರ್ಡುಗಳಿಂದ ಅಳಿಸಿಹೋಗಿವೆ. ಪ್ರತಿ ಹಳೇ ಶಾಖೆಯ ಒಳಬಾಗಿಲ ಪಕ್ಕ, ಅದು ಮೊದಲು ಯಾವ ಹೆಸರಿನಲ್ಲಿ, ಯಾವ ಇಸವಿಯಲ್ಲಿ ತೆರೆಯಿತು ಎಂದು ಕನ್ನಡದಲ್ಲಿ ಕೆತ್ತಿದ ಒಂದು ಕಲ್ಲು ನಿಲ್ಲಿಸಿ. ಹೊಸ ಬೋರ್ಡಿನ ಖರ್ಚಿನ ಮುಂದೆ ಅದು ಹೆಚ್ಚೇನಲ್ಲ.