ಕತ್ತರಿ ಯಾರ ಹೊಟ್ಟೆಗೆ?

ಹಾಸ್ಟೆಲ್ ಗೆಳೆಯರೇ, ಸಭೆಗಳಲ್ಲಿ ಗಂಟಲು ಹರಿಯುವಂತೆ ಸಮಾನತೆ ಅಂತೀವಲ್ಲ, ಒಂದು ಲೆಕ್ಕ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಆಪರೇಷನ್ ಆದವರು. ಗಂಡಸರು? ನೂರಕ್ಕೆ ಒಬ್ಬನೂ ಇಲ್ಲ.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಾ ಬಿಸಿನೀರಲ್ಲಿ ಕೈ ಬೇಯಿಸಿಕೊಳ್ಳುವವಳು, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವವಳು, ಕನಕಪುರ, ಮಾಗಡಿ ಕಡೆ ರಾಗಿ ಹೊಲದಲ್ಲಿ ಕಳೆ ಕೀಳುವವಳು ಬಾಣಂತನ ಮುಗಿಯೋ ಮೊದಲೇ ಕೂಲಿಗೆ ಹೊರಡಬೇಕು. ಅವಳಿಗೆ ಬೇಕಾದ್ದು ಒಂದು ಕೂಸಿಗೂ ಇನ್ನೊಂದಕ್ಕೂ ಅಂತರ. ಸಿಗೋದು, "ಎರಡಾಯ್ತಲ್ಲಮ್ಮ, ಮುಗಿಸ್ಬಿಡು" ಅನ್ನೋ ಮಾತು. ಹೆರಿಗೆ ನೋವಲ್ಲಿ ಬಿದ್ದವಳನ್ನ ಕೇಳೋದು ಒಂದು ಕೇಳೋದಾ? ಹೆತ್ತ 48 ಗಂಟೆಯೊಳಗೆ ವಂಕಿ ಹಾಕಿಸಿಕೊಳ್ಳಬಹುದು, 2017ರಿಂದ ಅಂತರಾ ಸೂಜಿ, ಛಾಯಾ ಮಾತ್ರೆ ಬಂದಿವೆ ಅಂತ ಬಸುರಿಯಾಗಿದ್ದಾಗಲೇ ಕೂತು ಹೇಳಬೇಕಿತ್ತು.

ಮನೆಯೊಳಗಿನ ಸರ್ಕಾರ ಇನ್ನೂ ಜೋರು. ವಂಕಿ ಎದೆಗೆ ಹತ್ತುತ್ತೆ ಅಂತ ಅತ್ತೆ. ಗಂಡು ಆಗ್ಲಿ ತಡಿ ಅಂತ ಮಾವ. ಗಂಡ ಮಾತೇ ಆಡಲ್ಲ. ಹಾಲು ಕುಡಿಸ್ತಿದ್ರೆ ಬಸಿರು ನಿಲ್ಲಲ್ಲ ಅಂತಾರೆ ಕೇರಿಯವರು. ನಿಜ, ಆದರೆ ಮೊದಲ 6 ತಿಂಗಳು ಮಾತ್ರ, ಅದೂ ಮುಟ್ಟು ಬಾರದೆ, ಕೂಸಿಗೆ ಹಗಲು ರಾತ್ರಿ ಎದೆಹಾಲೇ ಆದರೆ. ಕೂಲಿಗೆ ಹೋದವಳ ಕೂಸು ಹಗಲೆಲ್ಲ ಏನು ಕುಡಿಯುತ್ತೆ?

"ಇದೆಲ್ಲ ನಮ್ಮ ಸಂಖ್ಯೆ ಇಳಿಸೋ ಸಂಚು" ಅನ್ನೋ ಗೆಳೆಯರಿದ್ದಾರೆ. ಅನುಮಾನಕ್ಕೆ ಕಾರಣ ಇದೆ. 1976ರ ತುರ್ತುಪರಿಸ್ಥಿತಿಯಲ್ಲಿ ಬಡವರನ್ನ ಹಿಡಿಹಿಡಿದು ಕೊಯ್ದರು. 2014ರ ನವೆಂಬರಲ್ಲಿ ಛತ್ತೀಸಗಡದ ಬಿಲಾಸಪುರದ ಶಿಬಿರದಲ್ಲಿ ಒಬ್ಬನೇ ಡಾಕ್ಟರು ಕೆಲವೇ ಗಂಟೆಯಲ್ಲಿ 83 ಹೆಂಗಸರನ್ನ ಕೊಯ್ದ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಶಿಬಿರಗಳನ್ನ ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟು 2016ರಲ್ಲಿ ಹೇಳಬೇಕಾಯ್ತು. ಆದರೆ 1938ರಲ್ಲೇ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಕೇಳಿತ್ತು. ಬಿದ್ದುಹೋಯಿತು, ಇರಲಿ. ಹೆಣ್ಣಿನ ಮೈ ಸವೆಯೋದನ್ನ ಕಂಡವರು ಅವರು. ಸಂಖ್ಯೆ ಬೇಕೆನ್ನುವ ಗೆಳೆಯ ತಾನು ಹೆರ್ತಾನಾ?

ಗಂಡಸಿನ ಆಪರೇಷನ್‌ಗೆ ಹೊಟ್ಟೆ ಕೊಯ್ಯೋದಿಲ್ಲ, ಹೊಲಿಗೆಯೂ ಬೇಡ, ಅರ್ಧ ಗಂಟೆ ಸಾಕು. ಆಮೇಲೆ ಮೂರು ತಿಂಗಳು ನಿರೋಧ್ ಬಳಸಬೇಕು, ಅಷ್ಟೇ. ಗಂಡಸ್ತನ ಹೋಗಲ್ಲ. ಮೀಸೆನೂ ಉದುರಲ್ಲ.

ಮುಂದಿನ ಸಭೆಗೆ ಬರೋವಾಗ ನಿಮ್ಮವ್ವನನ್ನ ಕೇಳ್ಕೊಂಡು ಬನ್ನಿ: ನನ್ನ ಹೆತ್ತ ಮೇಲೆ ಆಸ್ಪತ್ರೆಯಲ್ಲಿ ನಿನ್ನ ಏನು ಕೇಳಿದ್ರು, ಅಪ್ಪನ್ನ ಏನು ಕೇಳಿದ್ರು?