ವರ್ಚುವಲ್ ರಿಯಾಲಿಟಿ ತಂತ್ರಜ್ಞಾನದ ಪ್ರಸ್ತುತ ಸ್ಥಿತಿ: ತರಬೇತಿ ಅಭ್ಯರ್ಥಿಗಳ ಗಮನಕ್ಕೆ

ರಾಜ್ಯದ ಮೊದಲ ಅನಿಮೇಷನ್ ನೀತಿಯು 2012ರಲ್ಲಿ ಜಾರಿಗೆ ಬಂದಿದ್ದು, 2024-29ರ ನೀತಿಯಲ್ಲಿ ವರ್ಚುವಲ್ ಹಾಗೂ ಆಗ್ಮೆಂಟೆಡ್ ರಿಯಾಲಿಟಿಯನ್ನೂ ಸೇರಿಸಲಾಗಿರುತ್ತದೆ. ವೈಟ್‌ಫೀಲ್ಡ್ ಸಮೀಪದ ಮಹದೇವಪುರದಲ್ಲಿ ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರವು 2021ರಲ್ಲಿ ಉದ್ಘಾಟನೆಗೊಂಡಿದೆ. ಆದರೆ ಉಪಕರಣಗಳ ಮಾರುಕಟ್ಟೆ ಸ್ಥಿರವಾಗಿರುವುದಿಲ್ಲ. ಕಾರ್ಖಾನೆ ಮತ್ತು ಕಚೇರಿಗಳ ಬಳಕೆಗೆಂದು ತಯಾರಾದ ಕನ್ನಡಕಗಳ ಪೈಕಿ ಗೂಗಲ್ ಗ್ಲಾಸ್‌ನ ಮಾರಾಟವು 2023ರಲ್ಲಿ, ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2ರ ತಯಾರಿಕೆಯು 2024ರಲ್ಲಿ ಸ್ಥಗಿತಗೊಂಡವು. ಒಂದೇ ಉಪಕರಣವನ್ನು ನಂಬಿ, ದುಬಾರಿ ಶುಲ್ಕ ತೆತ್ತು ಕಲಿತವರ ಪಾಡೇನು? ಪೀಣ್ಯದ ಕಾರ್ಖಾನೆಯ ಬಿಡಿಭಾಗವೊಂದನ್ನು ಕನ್ನಡಕದಲ್ಲಿ ತೋರಿಸಲು ಮೊದಲು ಅದರ ಮೂರು ಆಯಾಮದ ಮಾದರಿ ಸಿದ್ಧವಾಗಬೇಕು. ಉಪಕರಣ ಬದಲಾದರೂ ಆ ಕೌಶಲ್ಯ ಉಳಿಯುತ್ತದೆ. ಆದುದರಿಂದ ಅಭ್ಯರ್ಥಿಗಳು ಪಠ್ಯಕ್ರಮದಲ್ಲಿ ಮೂರು ಆಯಾಮದ ವಿನ್ಯಾಸ ಹಾಗೂ ಪ್ರೋಗ್ರಾಮಿಂಗ್‌ಗೆ ಎಷ್ಟು ಗಂಟೆಗಳನ್ನು ಮೀಸಲಿಡಲಾಗಿದೆ ಎಂಬುದನ್ನು ಶುಲ್ಕ ಪಾವತಿಸುವ ಮುನ್ನವೇ ಲಿಖಿತವಾಗಿ ಪಡೆಯತಕ್ಕದ್ದು.